ಒಮಾನಿಗೆ ಬರುವ ನಮ್ಮವರೇ, ಬಟ್ಟೆಯ ವಿಷಯ ಸ್ವಲ್ಪ ಕೇಳಿ

ಊರಿಂದ ಯಾರಾದರೂ ಮಸ್ಕತ್‌ಗೆ ಬರುವ ದಿನ ಹತ್ತಿರವಾದರೆ ಫೋನಿನಲ್ಲಿ ಮೊದಲ ಪ್ರಶ್ನೆ ಬಟ್ಟೆಯದೇ. ಬುರ್ಖಾ ಹಾಕಿಕೊಳ್ಳಬೇಕಾ? ಸೀರೆ ಉಡಬಹುದಾ? ಕುಂಕುಮ ಇಟ್ಟುಕೊಂಡರೆ ಏನೂ ಅನ್ನಲ್ವಾ? ಬುರ್ಖಾ ಬೇಡ. ಸೀರೆ ಧಾರಾಳವಾಗಿ ಉಡಿ. ಕುಂಕುಮ, ಕರಿಮಣಿ ಯಾವುದನ್ನೂ ತೆಗೆಯಬೇಕಿಲ್ಲ. ಹಳೇ ಮಸ್ಕತ್‌ನಲ್ಲಿ ಶಿವನ ಗುಡಿ ಇದೆ, ದಾರ್ಸೈತ್‌ನಲ್ಲಿ ಕೃಷ್ಣನ ಗುಡಿ ಇದೆ, ಹಬ್ಬದ ದಿನ ರೇಷ್ಮೆ ಸೀರೆ ಉಟ್ಟು ಹೂ ಮುಡಿದು ಹೋಗುವವರನ್ನು ಇಲ್ಲಿನ ಜನ ಎಷ್ಟೋ ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ.

ಇಷ್ಟು ಕೇಳಿದ ಕೂಡಲೇ ಕೆಲವರು ಪೂರ್ತಿ ನಿಶ್ಚಿಂತರಾಗಿ, ತೋಳಿಲ್ಲದ ಟಾಪು, ತೊಡೆ ಕಾಣುವ ಚಡ್ಡಿ ಎಲ್ಲ ತುಂಬಿಕೊಂಡು ಬಂದುಬಿಡುತ್ತಾರೆ. ಅದೂ ತಪ್ಪು. ಇಲ್ಲಿ ಪ್ರವಾಸಿ ಹೆಂಗಸರು ಬೀದಿಯಲ್ಲಿ ತಲೆ ಮುಚ್ಚಬೇಕು ಅಂತ ಇಲ್ಲ. ಆದರೆ ಭುಜ ಮತ್ತು ಮೊಣಕಾಲು ಮುಚ್ಚಿರಬೇಕು, ಬಟ್ಟೆ ಮೈಗೆ ಅಂಟಿರಬಾರದು, ಬಿಸಿಲಿಗೆ ನಿಂತರೆ ಒಳಗಿನದು ಕಾಣಬಾರದು. ಗಂಡಸರಿಗೂ ಇದೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಒಮಾನಿಗಳು ಬಹಳ ಮರ್ಯಾದಸ್ಥ ಜನ, ಬಟ್ಟೆ ಸರಿಯಿಲ್ಲ ಅಂತ ಮುಖಕ್ಕೆ ಹೇಳುವವರು ಕಡಿಮೆ. ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ, ಅಷ್ಟೇ. ನಮ್ಮವರು ಅದನ್ನು 'ಯಾರೂ ಏನೂ ಅನ್ನಲಿಲ್ಲ, ಹಾಗಾದರೆ ನಡೆಯುತ್ತೆ' ಅಂದುಕೊಳ್ಳುತ್ತಾರೆ. ನಡೆಯುವುದಿಲ್ಲ. ಅವರು ಸಹಿಸಿಕೊಂಡಿರುತ್ತಾರೆ.

ನೇರವಾಗಿ ಹೇಳುವ ಜಾಗ ಒಂದಿದೆ, ಮಸೀದಿಯ ಬಾಗಿಲು. 2001ರಲ್ಲಿ ಶುರುವಾದ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿಗೆ ಬೇರೆ ಧರ್ಮದವರನ್ನೂ ಬಿಡುತ್ತಾರೆ, ಶನಿವಾರದಿಂದ ಗುರುವಾರದ ತನಕ, ಬೆಳಿಗ್ಗೆ 8ರಿಂದ 11. ಶುಕ್ರವಾರ ಇಲ್ಲ. ನಮ್ಮವ್ವ ಬಂದಾಗ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಹೊರಟಿದ್ದಳು. ಇಷ್ಟು ಮುಚ್ಚಿಕೊಂಡ ಮೇಲೆ ಇನ್ನೇನು ಅಂತ ನಾನೂ ಸುಮ್ನಿದ್ದೆ. ಬಾಗಿಲಲ್ಲಿದ್ದ ಹೆಣ್ಣುಮಗಳು ನಕ್ಕು, ತನ್ನ ಮಣಿಕಟ್ಟನ್ನು ಬೆರಳಿನಿಂದ ತಟ್ಟಿ ತೋರಿಸಿದಳು, ಆಮೇಲೆ ಅವ್ವನ ಮೊಣಕೈ, ಆಮೇಲೆ ಸೊಂಟ. ಆಗ ನನಗೆ ತಿಳಿಯಿತು: ನಮ್ಮ ಕಣ್ಣಿಗೆ ಸೀರೆ ಅಂದರೆ ಮೈತುಂಬ ಬಟ್ಟೆ, ಇಲ್ಲಿನ ಲೆಕ್ಕದಲ್ಲಿ ಕುಪ್ಪಸದ ತೋಳು ಮುಗಿಯುವಲ್ಲಿಂದ ಕೈ ಬರಿದು, ಕುಪ್ಪಸಕ್ಕೂ ನೆರಿಗೆಗೂ ನಡುವೆ ಹೊಟ್ಟೆ ಬರಿದು. ಹೆಂಗಸರಿಗೆ ಅಲ್ಲಿ ಕೂದಲು, ಮಣಿಕಟ್ಟಿನ ತನಕ ಕೈ, ಪಾದದ ತನಕ ಕಾಲು ಮುಚ್ಚಿರಲೇಬೇಕು. ಅಲ್ಲೇ ಬಾಡಿಗೆಗೆ ಅಬಾಯಾ ಸಿಗುತ್ತದೆ. ಅಬಾಯಾ ಅಂದರೆ ಬಟ್ಟೆಯ ಮೇಲೆ ತೊಡುವ ಕಪ್ಪು ನಿಲುವಂಗಿ. ಅವ್ವ ಅದನ್ನು ಸೀರೆಯ ಮೇಲೇ ತೊಟ್ಟಳು. ನೆರಿಗೆಯೆಲ್ಲ ಒಳಗೆ ಗಂಟಾಗಿ ನಡೆಯಲು ಕಷ್ಟಪಟ್ಟಳು, ಆದರೆ ಹಣೆಯ ಕುಂಕುಮದ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ.

ಒಳಗೆ ಸುಮಾರು 70 ಮೀಟರ್ ಉದ್ದ, 60 ಮೀಟರ್ ಅಗಲದ ಒಂದೇ ಜಮಖಾನೆ ಇದೆ, ಇರಾನಿನ ಹೆಂಗಸರು ನಾಲ್ಕು ವರ್ಷ ಗಂಟು ಹಾಕಿ ನೇಯ್ದದ್ದು. ನೋಡಲು ಬಂದವರು ಅದನ್ನು ತುಳಿಯದಂತೆ ಮೇಲೆ ನೀಲಿ ಹಾಸು ಹಾಕಿರುತ್ತಾರೆ. ಮಗ್ಗದ ಊರಿನವಳಾದ ಅವ್ವ ಆ ಹಾಸಿನ ಅಂಚಿಗೆ ಬಂದು, ಬಗ್ಗಿ, ಮುಟ್ಟದೆ, ಬಹಳ ಹೊತ್ತು ನೋಡುತ್ತಾ ನಿಂತಳು.

ನನ್ನ ಸಲಹೆ, ಮಸೀದಿಗೆ ಹೋಗುವ ದಿನ ಸೀರೆ ಬೇಡ. ಉದ್ದ ತೋಳಿನ ಸಡಿಲ ಚೂಡಿದಾರ, ದೊಡ್ಡ ಕಾಟನ್ ದುಪಟ್ಟಾ, ಎರಡು ಪಿನ್ನು. ನುಣುಪಾದ ದುಪಟ್ಟಾ ಪ್ರತಿ ನಿಮಿಷಕ್ಕೂ ಜಾರುತ್ತದೆ, ಕೂದಲು ಹೊರಗೆ ಬಂದರೆ ಸರಿಮಾಡಿಕೊಳ್ಳಿ ಅಂತ ನೆನಪಿಸುತ್ತಾರೆ. ಗಿಡ್ಡ ಕುರ್ತಾ ಕೆಳಗೆ ಬಿಗಿ ಲೆಗ್ಗಿಂಗ್ಸ್ ಕೂಡ ಬೇಡ. ಒಂದು ಜೊತೆ ಕಾಲುಚೀಲ ಇಟ್ಟುಕೊಳ್ಳಿ, ಚಪ್ಪಲಿ ಬಿಟ್ಟ ಮೇಲೆ ಬಿಸಿಲಿಗೆ ಕಾದ ಕಲ್ಲು ಪಾದ ಸುಡುತ್ತದೆ. ಗಂಡಸರಿಗೆ ಉದ್ದ ಪ್ಯಾಂಟು, ತೋಳಿರುವ ಶರ್ಟು ಸಾಕು. ಮುಕ್ಕಾಲು ಪ್ಯಾಂಟು ಬೇಡ.

ಗಂಡಸರಿಗೆ ಇನ್ನೊಂದು ಮಾತು, ಲುಂಗಿ. ಮನೆಯೊಳಗೆ ಉಟ್ಟುಕೊಳ್ಳಿ, ಆರಾಮ. ಆದರೆ ಕೆಳಗಿನ ಅಂಗಡಿಗೆ ಹಾಲು ತರಲು ಹೋಗುವಾಗ ಪ್ಯಾಂಟು ಹಾಕಿ. ಇಲ್ಲಿನ ಗಂಡಸರು ತೊಡುವ ಉದ್ದ ಬಿಳಿ ಅಂಗಿ ದಿಶ್‌ದಾಶಾ, ಅದರ ಒಳಗೆ ಸೊಂಟಕ್ಕೆ ಸುತ್ತಿಕೊಳ್ಳುವ ಪಂಚೆಯಂಥ ಬಟ್ಟೆಗೆ ವಿಝಾರ್ ಅನ್ನುತ್ತಾರೆ. ಕಡಲಲ್ಲಿ ಬಲೆ ಎಳೆಯುವ ಮೀನುಗಾರರು ಅದನ್ನೇ ಉಟ್ಟು ಕೆಲಸ ಮಾಡುತ್ತಾರೆ, ನಿಜ. ಆದರೆ ಪೇಟೆಯಲ್ಲಿ ಅದು ಒಳಗಿನ ಬಟ್ಟೆ. ಮೊಣಕಾಲ ಮೇಲಕ್ಕೆ ಮಡಚಿ ಕಟ್ಟಿಕೊಂಡು ಲಿಫ್ಟಿನಲ್ಲಿ ನಿಂತರೆ ಪಕ್ಕದ ಮನೆಯ ಹೆಂಗಸಿಗೆ ಹೇಗನಿಸಬೇಕು, ಅಲ್ವಾ? ಸರ್ಕಾರಿ ಕಚೇರಿ, ಆಸ್ಪತ್ರೆಗೂ ಷಾರ್ಟ್ಸ್ ಹಾಕಿ ಹೋಗಬೇಡಿ.

ಊರಾಚೆ ಹೋದಷ್ಟೂ ಜಾಸ್ತಿ ಮುಚ್ಚಿಕೊಳ್ಳಿ. ದೊಡ್ಡ ಹೋಟೆಲಿನ ಈಜುಕೊಳದಲ್ಲಿ ಈಜುಡುಗೆ ಪರವಾಗಿಲ್ಲ, ಅಲ್ಲಿಂದ ಎದ್ದು ಬರುವಾಗ ಬಟ್ಟೆ ಹಾಕಿಕೊಂಡರೆ ಸಾಕು. ಆದರೆ ವಾದಿ ಶಾಬ್, ವಾದಿ ಬನಿ ಖಾಲಿದ್‌ನಂಥ ಬೆಟ್ಟದ ಸಂದಿಯ ಹಳ್ಳಗಳಿಗೆ ಊರಿನ ಸಂಸಾರಗಳೂ ಬರುತ್ತವೆ. ಅಲ್ಲಿ ನೀರಿಗಿಳಿಯುವಾಗ ಗಂಡಸರು ಮೊಣಕಾಲು ಮುಚ್ಚುವ ಚಡ್ಡಿ, ಟಿ-ಶರ್ಟು, ಹೆಂಗಸರು ಲೆಗ್ಗಿಂಗ್ಸ್, ಮೇಲೆ ಸಡಿಲ ಟಿ-ಶರ್ಟು ಹಾಕಲಿ. ಬೆಟ್ಟದ ಮೇಲಿನ ಮಿಸ್ಫಾತ್ ಅಲ್ ಅಬ್ರಿಯೀನ್ ಹಳ್ಳಿಗೆ ಹೋದರಂತೂ ನೀವು ನಡೆಯುವ ಓಣಿಯೇ ಅವರ ಮನೆಯಂಗಳ. ಹೆಂಗಸರು ಎದುರಾದರೆ ಕ್ಯಾಮೆರಾ ಕೆಳಗಿಳಿಸಿ.

ರಂಜಾನ್ ತಿಂಗಳಲ್ಲಿ ಇದೆಲ್ಲ ಇನ್ನೊಂದಿಷ್ಟು ಬಿಗಿ. ಹಗಲು ನಾಲ್ಕು ಜನರ ಮುಂದೆ ತಿನ್ನುವುದು, ಕುಡಿಯುವುದು ಇಲ್ಲಿ ಕಾನೂನಿನ ಪ್ರಕಾರ ಅಪರಾಧ, ಜೈಲೂ ಆಗಬಹುದು.

ಮತ್ತೆ, ಇದು ಒಮಾನಿನ ಲೆಕ್ಕ. ಪಕ್ಕದ ದೇಶಕ್ಕೆ ಇದನ್ನೇ ಹಚ್ಚಬೇಡಿ. ಸೌದಿ 2019ರಲ್ಲಿ ಪ್ರವಾಸಿ ವೀಸಾ ಶುರು ಮಾಡಿದಾಗ ಹೊರದೇಶದ ಹೆಂಗಸರಿಗೆ ಅಬಾಯಾ ಕಡ್ಡಾಯವಲ್ಲ, ಆದರೆ ಮೈಮುಚ್ಚುವ ಬಟ್ಟೆ ಬೇಕು ಅಂದಿತು. ಇರಾನಿನ ಕಾನೂನಿನಲ್ಲಿ ತಲೆ ಮುಚ್ಚುವುದು ಪ್ರವಾಸಿ ಹೆಂಗಸರಿಗೂ ಕಡ್ಡಾಯ, ಅಲ್ಲಿಗೆ ಹೊರಟರೆ ದುಪಟ್ಟಾ ಸೂಟ್‌ಕೇಸಿಗೆ ಹಾಕಬೇಡಿ. ವಿಮಾನ ಇಳಿಯುವ ಮೊದಲೇ ಬೇಕಾಗುತ್ತದೆ, ಕೈಚೀಲದಲ್ಲಿರಲಿ.