ಕಾಲಂ ನಂಬರ್ ಬಿಟ್ಟೆ, ಹೆಡರ್ ಹಿಡಿದೆ: ನನ್ನ ಅನುಭವ

ಶಿವಮೊಗ್ಗ ಕಡೆಯ ಒಂದು ಅಡಿಕೆ ಸೊಸೈಟಿಗೆ ಸಿಎಸ್‌ವಿ ಫೈಲಿನಿಂದ ಟ್ಯಾಲಿಗೆ ಹೋಗುವ ಎಕ್ಸ್‌ಎಂಎಲ್ ಮಾಡಿಕೊಡುವ ನನ್ನ ಪೈಥಾನ್ ಸ್ಕ್ರಿಪ್ಟು ಈಗ ಎರಡನೇ ಸೀಸನ್ ದಾಟಿದೆ. ಸಿಎಸ್‌ವಿ ಅಂದರೆ ಕಾಲಂಗಳ ನಡುವೆ ಕಾಮಾ ಹಾಕಿದ ಸಾದಾ ಫೈಲು, ಎಕ್ಸ್‌ಎಂಎಲ್ ಅಂದರೆ ಪ್ರತಿ ಮಾಹಿತಿಗೂ ಹೆಸರಿನ ಟ್ಯಾಗ್ ಹಾಕಿದ ಫೈಲು, ಟ್ಯಾಲಿ ಲೆಕ್ಕಪತ್ರದ ಸಾಫ್ಟ್‌ವೇರು, ಹೆಡರ್ ಅಂದರೆ ಕಾಲಂಗಳ ಹೆಸರಿರುವ ಸಾಲು. "ಮೂರು ಬ್ರಾಂಚಿನ ಫೈಲು ಮೂರು ಥರ ಇರುತ್ತೆ ಮಾರಾಯ್ರೆ, ಇದು ಆಗೋ ಹೋಗೋ ಕೆಲಸ ಅಲ್ಲ" ಅಂದಿದ್ದ ಅಕೌಂಟೆಂಟೇ ಈಗ ಸಂಜೆ ಐದೂವರೆಗೆಲ್ಲ ಬೈಕ್ ಹತ್ತುತ್ತಾರೆ. ಅದಕ್ಕೇ ಬರೆಯುವ ಧೈರ್ಯ ಬಂತು.

ಹಿಂದೆ ಯಾರೋ ಬರೆದುಕೊಟ್ಟ ಮ್ಯಾಕ್ರೋ ಇತ್ತು. ನಾಲ್ಕನೇ ಕಾಲಂ ತೂಕ, ಐದನೇದು ದರ, ಅಷ್ಟೇ ಅದರ ಬುದ್ಧಿ. ಒಂದು ಬ್ರಾಂಚಿನವರು ನಡುವೆ "ಚೀಲ" ಅಂತ ಕಾಲಂ ತೂರಿಸಿದ ದಿನ ಚೀಲದ ಲೆಕ್ಕ ತೂಕವಾಯಿತು, ತೂಕ ದರವಾಯಿತು. ಎರರ್ ಬರಲಿಲ್ಲ, ಎಲ್ಲವೂ ಅಂಕಿಯೇ ತಾನೆ. ಆಮೇಲೆ ಇಬ್ಬರು ಹುಡುಗರನ್ನು ಕೂರಿಸಿ ಕೈಯಲ್ಲೇ ಟೈಪ್ ಮಾಡಿಸುತ್ತಿದ್ದರು, ಸೀಸನ್ನಿಗೆ ಹತ್ತಿರ ಹತ್ತಿರ 80 ಸಾವಿರ ಖರ್ಚು. ಹೊಸ ಸಾಫ್ಟ್‌ವೇರಿಗೆ ಕೊಟೇಶನ್ ಒಂದೂಮುಕ್ಕಾಲು ಲಕ್ಷದ ಆಸುಪಾಸು ಬಂದಿತ್ತು. ನಾನು 22 ಸಾವಿರಕ್ಕೆ ಒಪ್ಪಿಕೊಂಡೆ, ಅರ್ಧ ದುಡ್ಡು ಕೆಲಸ ಆದ ಮೇಲೆ.

ಪಾಂಡಾಸ್ (ಪೈಥಾನಿನ ದೊಡ್ಡ ಡೇಟಾ ಲೈಬ್ರರಿ) ಹಾಕು, ಎರಡು ಸಾಲಲ್ಲಿ ಮುಗಿಯುತ್ತೆ ಅಂತ ಬೆಂಗಳೂರಿನ ಗೆಳೆಯ ಹೇಳಿದ. ಅವನ ಲ್ಯಾಪ್‌ಟಾಪಲ್ಲಿ ಮುಗಿಯುತ್ತೆ. ಸೊಸೈಟಿಯಲ್ಲಿ ಇರೋದು ವಿಂಡೋಸ್ 7, 2 ಜಿಬಿ ರ‍್ಯಾಮ್. ಪೈಥಾನ್ 3.9 ಅದರ ಮೇಲೆ ಏಳುವುದೇ ಇಲ್ಲ, 3.8ಕ್ಕೇ ನಿಲ್ಲಬೇಕು. ಜೊತೆಗೆ ಪಾಂಡಾಸ್ ತಾನಾಗಿ "0047" ಅನ್ನೋ ಸದಸ್ಯರ ಸಂಖ್ಯೆಯನ್ನು 47 ಮಾಡಿಬಿಡುತ್ತೆ. ಡಿಟೈಪ್ ಕೊಟ್ಟು, ಅಂದರೆ ಕಾಲಂ ಯಾವ ಬಗೆಯದು ಅಂತ ಮೊದಲೇ ಹೇಳಿ ತಡೆಯಬಹುದು, ಆದರೆ ಪೈಥಾನ್ ಜೊತೆಗೇ ಬರುವ, ಪ್ರತಿ ಸಾಲನ್ನೂ ಕಾಲಂ ಹೆಸರಿನ ಜೊತೆ ಕೊಡುವ ಡಿಕ್ಟ್‌ರೀಡರ್ ಎಲ್ಲವನ್ನೂ ಸ್ಟ್ರಿಂಗ್ (ಬರೀ ಅಕ್ಷರ) ಆಗಿಯೇ ಕೊಡುವಾಗ ಅಷ್ಟು ಭಾರ ಯಾಕೆ ಹೊರಬೇಕು?

ಡಿಕ್ಟ್‌ರೀಡರ್ ಮೊದಲ ಸಾಲನ್ನು ಹೆಡರ್ ಅಂತ ತಗೊಳ್ಳುತ್ತೆ. ತೊಂದರೆ ಏನಂದರೆ ನಮ್ಮ ಫೈಲುಗಳಲ್ಲಿ ಮೊದಲ ಸಾಲು ಸೊಸೈಟಿಯ ಹೆಸರು, ಎರಡನೇದು "ಇಂಥ ದಿನದಿಂದ ಇಂಥ ದಿನದವರೆಗೆ", ಮೂರನೇದು ಖಾಲಿ. ಹೆಡರ್ ನಾಲ್ಕರಲ್ಲೋ ಆರರಲ್ಲೋ. ಸಿಎಸ್‌ವಿ ಮಾಡ್ಯೂಲಿನ ಸ್ನಿಫರ್‌ಗೆ ಹೆಡರ್ ಇದೆಯಾ ಅಂತ ಊಹಿಸುವ ಚಾಳಿ ಇದೆ, ಅದನ್ನೂ ಆಡಿಸಿ ನೋಡಿದೆ. ಅಂಕಿ ಇರುವ ಫೈಲಲ್ಲಿ ಪರವಾಗಿಲ್ಲ. ಬರೀ ಹೆಸರು ವಿಳಾಸ ಇರುವ ಸದಸ್ಯರ ಪಟ್ಟಿ ಕೊಟ್ಟರೆ ಹೆಡರ್ ಇಲ್ಲವೇ ಇಲ್ಲ ಅಂತು. ಕಡೆಗೆ ನಾನೇ ಒಂದು ಅಲಿಯಾಸ್ ಟೇಬಲ್ ಮಾಡಿದೆ: "ದರ", "ರೇಟು", "ದರ ಪ್ರತಿ ಕ್ವಿಂಟಾಲ್" ಮೂರೂ ಒಂದೇ. ಮೊದಲ ಹದಿನೈದು ಸಾಲು ತಡಕಿ, ಟೇಬಲ್‌ಗೆ ಅತಿ ಹೆಚ್ಚು ಹೊಂದುವ ಸಾಲೇ ಹೆಡರ್. ಗೊತ್ತಿಲ್ಲದ ಹೆಸರು ಒಂದು ಬಂದರೂ ಸ್ಕ್ರಿಪ್ಟ್ ಅಲ್ಲೇ ನಿಲ್ಲುತ್ತೆ, ಮುಂದೆ ಹೋಗುವುದಿಲ್ಲ. ಈ ಹಟಮಾರಿತನವನ್ನು ಎಲ್ಲರೂ ಬೈದರು. ಕೆಲಸ ಉಳಿಸಿದ್ದು ಅದೇ.

ಇಷ್ಟಾದರೂ "ಮೊತ್ತ" ಸಿಗುತ್ತಿರಲಿಲ್ಲ. ಕಣ್ಣೆದುರಿಗೇ ಇದೆ, ಕೀ ಎರರ್ (ಆ ಹೆಸರೇ ಇಲ್ಲ ಅನ್ನುವ ದೂರು) ಬರುತ್ತೆ. ಉದ್ದ ಅಳೆದೆ. ನನ್ನ ಟೇಬಲ್‌ನ "ಮೊತ್ತ" ಕಂಪ್ಯೂಟರಿನ ಲೆಕ್ಕದಲ್ಲಿ 5 ಕೋಡ್, ಫೈಲಿನದು 6! ಹಳೇ ನುಡಿ ಫಾಂಟಿನಿಂದ ಯೂನಿಕೋಡಿಗೆ ಬಂದ ಆ ಬ್ರಾಂಚಿನ ಹೆಡರಿನಲ್ಲಿ ಒತ್ವ ಒಂದೇ ಕೋಡ್ ಆಗಿರಲಿಲ್ಲ, ಎತ್ವ ಮತ್ತು ಊತ್ವ ಎರಡು ತುಂಡಾಗಿ ಕೂತಿತ್ತು. ಯೂನಿಕೋಡ್‌ಡೇಟಾದ ಎನ್‌ಎಫ್‌ಸಿ (ತುಂಡು ಕೋಡುಗಳನ್ನು ಕೂಡಿಸುವ ವಿಧಾನ) ಹಾಯಿಸಿದ ಮೇಲೆ ಎರಡೂ ಒಂದಾದವು. "ಬ್ಯಾಂಕ್‌ ಖಾತೆ"ಯಲ್ಲಿ ಅರ್ಧಾಕ್ಷರದ ಪಕ್ಕ ಅಡಗಿರುವ, ಕಣ್ಣಿಗೆ ಕಾಣದ ಕೋಡಾದ ಝಡ್‌ಡಬ್ಲ್ಯೂಎನ್‌ಜೆ ಮಾತ್ರ ಎನ್‌ಎಫ್‌ಸಿಗೆ ಬಗ್ಗಲ್ಲ, ಅದನ್ನು ಬೇರೆಯಾಗಿ ಕಿತ್ತು ಹಾಕಬೇಕು. ನೋಟ್‌ಪ್ಯಾಡಲ್ಲಿ ಸೇವ್ ಮಾಡಿದ ಫೈಲಿನ ತಲೆಗೆ ಅಂಟುವ ಕಾಣದ ಗುರುತಾದ ಬಾಮ್‌ಗೆ ಫೈಲು ತೆರೆಯುವಾಗ ಯುಟಿಎಫ್-8-ಸಿಗ್ ಎನ್‌ಕೋಡಿಂಗ್ ಕೊಟ್ಟರೆ ಸಾಕು.

ಇನ್ನೊಂದು ಗ್ರಹಚಾರ, "ತೂಕ" ಅಂತ ಎರಡು ಕಾಲಂ. ಒಂದು ಚೀಲ ಸಮೇತ, ಇನ್ನೊಂದು ನಿವ್ವಳ. ಒಂದೇ ಹೆಸರು ಎರಡು ಸಲ ಬಂದರೆ ಡಿಕ್ಟ್‌ರೀಡರ್ ಸದ್ದಿಲ್ಲದೆ ಕೊನೆಯದನ್ನೇ ಇಟ್ಟುಕೊಳ್ಳುತ್ತೆ. ಎರಡು ಬ್ರಾಂಚಿನಲ್ಲಿ ಕೊನೆಯದು ನಿವ್ವಳ, ಮೂರನೆಯದರಲ್ಲಿ ಉಲ್ಟಾ. ಅಂದರೆ ರಾಶಿ ಇಡಿ ಅಡಿಕೆಯ ರೇಟಿಗೆ ಗೋಣಿಚೀಲ ಕೊಂಡ ಹಾಗೆ! ಹಾಗಾಗಿ ಹೆಡರನ್ನು ಮೊದಲು ನಾನೇ ಓದಿ, ಹೆಸರು ಬದಲಿಸಿ, ಫೀಲ್ಡ್‌ನೇಮ್ಸ್ (ಕಾಲಂ ಹೆಸರುಗಳ ಪಟ್ಟಿ) ಆಗಿ ಡಿಕ್ಟ್‌ರೀಡರಿಗೆ ಕೊಡುತ್ತೇನೆ. ಯಾವುದು ನಿವ್ವಳ ಅಂತ ಸ್ಕ್ರಿಪ್ಟ್ ತಾನೇ ಕಂಡುಕೊಳ್ಳುತ್ತೆ. ಹೇಗೆ ಅಂತ ಇಲ್ಲಿ ಬರೆಯಲ್ಲ, ಚೀಲ ಎತ್ತಿದವರಿಗೆ ಹೊಳೆಯುತ್ತೆ.

ಕೋಟ್ಸ್ ಇಲ್ಲದೆ 1,25,000 ಅಂತ ಬರೆದ ಸಾಲುಗಳೂ ಬರುತ್ತವೆ. ಒಂದು ಮೊತ್ತ ಮೂರು ಕಾಲಂ ಆಗಿ, ಮಿಕ್ಕಿದ ತುಂಡುಗಳು ನನ್ (None, ಅಂದರೆ ಹೆಸರಿಲ್ಲದ್ದು) ಅನ್ನೋ ಕೀಗೆ ಹೋಗಿ ಬೀಳುತ್ತವೆ. ಆ ಕೀ ಇರುವ ಸಾಲನ್ನು ಬೇರೆ ಫೈಲಿಗೆ ತಳ್ಳಿ ಅಕೌಂಟೆಂಟರಿಗೆ ಬಿಡುತ್ತೇನೆ. ದಿನಕ್ಕೆ ಎರಡೋ ಮೂರೋ, ಅಷ್ಟು ಅವರು ಮಾಡಲಿ.

ನಡುವೆ ಒಂದು ಹುಚ್ಚಾಟ. ಹೆಡರಿನ ಕನ್ನಡ ಹೆಸರುಗಳನ್ನೇ ನೇರ ಎಕ್ಸ್‌ಎಂಎಲ್ ಟ್ಯಾಗ್ ಮಾಡಿದರೆ? ಕನ್ನಡ ಟ್ಯಾಗ್ ನಡೆಯುತ್ತೆ, "ದರ" ಚೆನ್ನಾಗಿಯೇ ಬಂತು. "ಸದಸ್ಯರ ಸಂಖ್ಯೆ"ಯ ನಡುವಿನ ಖಾಲಿ ಜಾಗ ಕೈಕೊಟ್ಟಿತು. ಎಲಿಮೆಂಟ್‌ಟ್ರೀ (ಪೈಥಾನಿನ ಎಕ್ಸ್‌ಎಂಎಲ್ ಮಾಡ್ಯೂಲು) ಬರೆಯುವಾಗ ತುಟಿ ಪಿಟಕ್ ಅನ್ನಲ್ಲ, ತಾನೇ ಬರೆದದ್ದನ್ನು ಓದಲು ಕೊಟ್ಟರೆ ಬಿದ್ದು ಹೋಗುತ್ತೆ. ಟ್ಯಾಲಿಗೆ ಅದರದೇ ಟ್ಯಾಗ್ ಬೇಕು, ಇದು ಬರೀ ಕುತೂಹಲಕ್ಕೆ. ಜೇಸನ್ ಅನ್ನೋ ಇನ್ನೊಂದು ಫೈಲ್ ರೂಪಕ್ಕೂ ಬರೆದು ನೋಡಿದೆ. ಎನ್‌ಶೂರ್ ಆಸ್ಕಿ ಅನ್ನೋ ಸೆಟ್ಟಿಂಗ್ ಫಾಲ್ಸ್ ಮಾಡದಿದ್ದರೆ ಕನ್ನಡವೆಲ್ಲ ಕೋಡ್ ನಂಬರುಗಳ ಸರಮಾಲೆ.

ಕೆಳಗಿನ "ಒಟ್ಟು" ಸಾಲನ್ನು ಎಲ್ಲರೂ ಕಸ ಅಂತ ಬಿಸಾಡುತ್ತಾರೆ. ನಾನು ಇಟ್ಟುಕೊಳ್ಳುತ್ತೇನೆ. ಓದಿದ ಮೊತ್ತಗಳನ್ನು ಬೇರೆ ಫೈಲಿಗೆ ತಳ್ಳಿದವನ್ನೂ ಸೇರಿಸಿ ಕೂಡಿ ಅದಕ್ಕೆ ತಾಳೆ ನೋಡುತ್ತೇನೆ, ಹೊಂದದಿದ್ದರೆ ಎಕ್ಸ್‌ಎಂಎಲ್ ಹುಟ್ಟುವುದೇ ಇಲ್ಲ. ಪೇಜು ಬದಲಾದಲ್ಲೆಲ್ಲ ಹೆಡರ್ ಮತ್ತೆ ಮತ್ತೆ ಬರುವ ಫೈಲಿನಲ್ಲಿ, ಮೊದಲು ಓದಿಟ್ಟ ಹೆಡರನ್ನೇ ಹೋಲುವ ಸಾಲು ಹಾರಿಸಿದರಾಯಿತು.

ಮೂರು ನಾಲ್ಕು ಸಾವಿರ ಸಾಲಿನ ಫೈಲು ಆ ಮುದಿ ಮೆಷಿನ್ನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತೆ. ಹೋದ ತಿಂಗಳು ಕಾಳುಮೆಣಸಿನ ಫೈಲೂ ತಂದರು. ಅಲಿಯಾಸ್ ಟೇಬಲ್‌ಗೆ ಏಳೆಂಟು ಹೆಸರು ಸೇರಿಸಿದೆ, ಕೋಡ್ ಮುಟ್ಟಲಿಲ್ಲ. ಬಿಲ್ ಮಾತ್ರ ಬೇರೆ ಹಾಕಿದೆ, 6 ಸಾವಿರ.