ಏಳು ವರ್ಷದ ಮಗಳಿಗೆ ಇತಿಹಾಸ: ಪಠ್ಯಕ್ರಮ ಆರಿಸಿಕೊಂಡ ನನ್ನ ಅನುಭವ

“ಅಮ್ಮ, ಅಜ್ಜಿ ಚಿಕ್ಕವಳಾಗಿದ್ದಾಗ ಪಿರಮಿಡ್ ಕಟ್ಟುತ್ತಿದ್ದರಾ?” ಎಂದು ನನ್ನ ಮಗಳು ಕೇಳಿದಾಗ ಅವಳಿಗೆ ಏಳು ವರ್ಷ. ಅಷ್ಟು ಹೊತ್ತಿಗೆ ನಾವು ವಿದೇಶದಿಂದ ತರಿಸಿದ್ದ ಇತಿಹಾಸ ಪಠ್ಯಕ್ರಮದ ಎಂಟು ಪಾಠಗಳನ್ನು ಮುಗಿಸಿದ್ದೆವು. ನೈಲ್ ನದಿಯ ಪ್ರವಾಹ, ಫೇರೋಗಳು, ಮಮ್ಮಿಗಳು, ಹೀಗೆ ಕೇಳಿದ್ದಕ್ಕೆಲ್ಲ ಅವಳು ಸರಿಯಾಗಿ ಉತ್ತರ ಹೇಳುತ್ತಿದ್ದಳು. ಆದರೆ ಆ ಪ್ರಶ್ನೆ ಕೇಳಿದ ಮೇಲೆ, ಅವಳು ಕಲಿತದ್ದು ಕಥೆಗಳನ್ನೇ ಹೊರತು ಕಾಲವನ್ನಲ್ಲ ಎಂಬುದು ನನಗೆ ಮನವರಿಕೆಯಾಯಿತು. ಪಿರಮಿಡ್ಡು, ಅಜ್ಜಿಯ ಬಾಲ್ಯ, ರಾಮಾಯಣ, ನಮ್ಮ ಮನೆಯ ಹಳೆಯ ಸ್ಕೂಟರು ಎಲ್ಲವೂ ಅವಳ ಮನಸ್ಸಿನಲ್ಲಿ ‘ಹಿಂದೆ’ ಎಂಬ ಒಂದೇ ಚೀಲದಲ್ಲಿ ಬಿದ್ದಿದ್ದವು.

ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ನನ್ನ ಪತಿಯ ಊರು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕು. ಮಗಳಿಗೆ ಮನೆಯಲ್ಲೇ ಕಲಿಸಲು ನಿರ್ಧರಿಸಿದ ಕಾರಣಗಳು ಇಲ್ಲಿ ಮುಖ್ಯವಲ್ಲ. ಎನ್‌ಐಒಎಸ್ ಎಂದೇ ಪರಿಚಿತವಾದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಸೆಕೆಂಡರಿ ಪರೀಕ್ಷೆಗೆ ಮಗುವಿಗೆ 14 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಇತಿಹಾಸವನ್ನು ಯಾವ ಕ್ರಮದಲ್ಲಿ ಕಲಿಸಬೇಕೆಂಬುದು ತಂದೆ ತಾಯಿಯ ವಿವೇಚನೆಗೇ ಉಳಿದಿರುತ್ತದೆ ಎಂಬುದನ್ನಷ್ಟೇ ಹೇಳುತ್ತೇನೆ. ಈ ಸ್ವಾತಂತ್ರ್ಯ ದೊಡ್ಡದು. ಅಷ್ಟೇ ದೊಡ್ಡ ಹೊಣೆಯೂ ಹೌದು.

ಆ ವಿದೇಶಿ ಪಠ್ಯಕ್ರಮವನ್ನು ನಾನು ಆರಿಸಿಕೊಂಡಿದ್ದು ಅದರ ವಿನ್ಯಾಸವನ್ನು ಮೆಚ್ಚಿ. ಪ್ರಾಚೀನ ಕಾಲ, ಮಧ್ಯಯುಗ, ಆಧುನಿಕ ಕಾಲದ ಆರಂಭ, ಆಧುನಿಕ ಕಾಲ ಎಂದು ನಾಲ್ಕು ವರ್ಷಗಳಲ್ಲಿ ಲೋಕದ ಇತಿಹಾಸವನ್ನೆಲ್ಲ ಒಮ್ಮೆ ಸುತ್ತಿ, ಮಗು ದೊಡ್ಡದಾದಂತೆ ಅದೇ ಚಕ್ರವನ್ನು ಇನ್ನೂ ಆಳವಾಗಿ ಮತ್ತೆ ಸುತ್ತುವ ಕ್ರಮ ಅದು. ಭಾಷೆ ಸೊಗಸಾಗಿತ್ತು, ಚಟುವಟಿಕೆಗಳು ಚೆನ್ನಾಗಿದ್ದವು. ಆದರೆ ಮೊದಲ ವರ್ಷದ ಪಾಠಗಳಲ್ಲಿ ಭಾರತಕ್ಕೆ ಸಿಕ್ಕಿದ್ದು ಕೆಲವೇ ಪುಟಗಳು. ದಕ್ಷಿಣ ಭಾರತ ಎಲ್ಲೂ ಇರಲಿಲ್ಲ. ಇನ್ನೊಂದು ಕಡೆ, ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿಯೂ ಎನ್‌ಸಿಇಆರ್‌ಟಿ ಪುಸ್ತಕಗಳಲ್ಲಿಯೂ ಐದನೆಯ ತರಗತಿಯವರೆಗೆ ಇತಿಹಾಸವೆಂಬ ಪ್ರತ್ಯೇಕ ವಿಷಯವಿಲ್ಲ. ಅದು ಪರಿಸರ ಅಧ್ಯಯನದೊಳಗೆ ಬೆರೆತು ಬರುತ್ತದೆ, ಆರನೆಯ ತರಗತಿಯಿಂದ ಸಮಾಜ ವಿಜ್ಞಾನವಾಗುತ್ತದೆ. ಇದು ಕೊರತೆಯೆಂದು ನನಗೆ ಮೊದಲು ಅನಿಸಿತ್ತು. ಮನೆ, ಕುಟುಂಬ, ಊರು, ನೀರು, ಸಂಚಾರ ಎಂದು ಹತ್ತಿರದಿಂದ ದೂರಕ್ಕೆ ಹೋಗುವ ಆ ದಾರಿಯಲ್ಲಿ ಬುದ್ಧಿವಂತಿಕೆಯಿದೆ ಎಂಬುದು ಪಿರಮಿಡ್ಡಿನ ಪ್ರಶ್ನೆಯ ನಂತರ ಅರ್ಥವಾಯಿತು. ಆದರೂ ಆ ಪುಸ್ತಕಗಳನ್ನು ಇಡೀ ರಾಜ್ಯದ, ಇಡೀ ದೇಶದ ಮಕ್ಕಳಿಗಾಗಿ ಬರೆದಿರುವುದರಿಂದ ನನ್ನ ಮಗಳ ಊರು ಅವುಗಳಲ್ಲಿ ಇರುವುದು ಸಾಧ್ಯವಿಲ್ಲ. ಆ ಭಾಗವನ್ನು ನಾನೇ ಕಟ್ಟಬೇಕಿತ್ತು.

ಮೊದಲು ಮಾಡಿದ ಕೆಲಸ ಪುಸ್ತಕಗಳನ್ನು ಎತ್ತಿಟ್ಟು ದೇವರಾಜ ಮಾರುಕಟ್ಟೆಯಿಂದ ಎರಡು ಉಂಡೆ ಸೆಣಬಿನ ಹುರಿ ತಂದದ್ದು. ಒಂದು ಸೆಂಟಿಮೀಟರಿಗೆ ಒಂದು ವರ್ಷ ಎಂದು ಲೆಕ್ಕ ಇಟ್ಟುಕೊಂಡೆವು. ಅದು 2024ನೆಯ ವರ್ಷ. ಹುರಿಯ ತುದಿಯೇ ‘ಈಗ’. ತುದಿಯಿಂದ ಏಳು ಸೆಂಟಿಮೀಟರಿಗೆ ಮಗಳ ಹುಟ್ಟು, ಕೆಂಪು ದಾರದ ಗಂಟು. ಅರವತ್ತೆಂಟಕ್ಕೆ ಅಜ್ಜಿಯ ಹುಟ್ಟು. 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆ 112ನೆಯ ಸೆಂಟಿಮೀಟರಿನಲ್ಲಿ ಬಂತು, ಅಂದರೆ ಅವಳ ಭುಜದ ಎತ್ತರಕ್ಕಿಂತ ಸ್ವಲ್ಪ ಮೇಲೆ. ಅದಕ್ಕೆ ಹದಿನೈದು ಸೆಂಟಿಮೀಟರ್ ಹಿಂದೆ, 1897ರಲ್ಲಿ ಮರದ ಹಳೆಯ ಅರಮನೆ ಸುಟ್ಟುಹೋದ ಗಂಟು. ಅದಕ್ಕೆ ಅವಳು ಇದ್ದಿಲಿನಿಂದ ಕಪ್ಪು ಬಳಿದಳು. ಶ್ರೀರಂಗಪಟ್ಟಣದ ಕೋಟೆ ಬಿದ್ದ 1799 ಎರಡೂಕಾಲು ಮೀಟರಿನಲ್ಲಿ, ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಆರಂಭಿಸಿದ 1610 ನಾಲ್ಕು ಮೀಟರಿನ ಆಚೆ, 1258ರ ಸೋಮನಾಥಪುರ ಏಳೂವರೆ ದಾಟಿ. ಅಷ್ಟರಲ್ಲಿ ಹಾಲ್ ಮುಗಿದು ಅಡುಗೆಮನೆಯ ಬಾಗಿಲು ಬಂದಿತ್ತು, ಹಾಗಾಗಿ ತಾರಸಿಗೆ ಹೋದೆವು. ಹಲ್ಮಿಡಿ ಶಾಸನದ ಕಾಲ ತಾರಸಿಯ ಗೋಡೆಗೆ ತಾಗಿತು. ಅಶೋಕ ಸುಮಾರು ಇಪ್ಪತ್ತಮೂರು ಮೀಟರಿನಲ್ಲಿದ್ದುದರಿಂದ ಬೀದಿಗೆ ಇಳಿಯಬೇಕಾಯಿತು. ಕೊನೆಗೆ ಗೀಜಾದ ಮಹಾ ಪಿರಮಿಡ್ಡಿಗೆ ನಲವತ್ತೈದು ಮೀಟರು ದಾಟಿ ಎರಡನೆಯ ಉಂಡೆಯನ್ನೂ ಬಿಚ್ಚಿ ನಾಲ್ಕು ಮನೆ ಆಚೆಗಿನ ಹೊಂಗೆ ಮರದವರೆಗೆ ನಡೆದೆವು. ಹರಪ್ಪದ ನಗರಗಳ ಗಂಟೂ ಆ ಮರದ ಬುಡದಲ್ಲೇ, ಪಿರಮಿಡ್ಡಿನ ಪಕ್ಕದಲ್ಲೇ ಬಿತ್ತು.

ಅವಳು ಮರದ ಹತ್ತಿರ ನಿಂತು ನಮ್ಮ ಗೇಟಿನ ಕಡೆ ನೋಡಿ, “ಅಜ್ಜಿ ಅಷ್ಟು ದೂರ ಇದ್ದಾಳಾ!” ಎಂದಳು. ಆ ಪಠ್ಯಕ್ರಮದ ಎಂಟು ಪಾಠಗಳು ಮಾಡಲಾಗದ ಕೆಲಸವನ್ನು ಮೂವತ್ತು ಹೆಜ್ಜೆಯ ನಡಿಗೆ ಮಾಡಿತ್ತು.

ಅಲ್ಲಿಂದ ಮುಂದೆ ಯಾವುದೇ ಪಠ್ಯಕ್ರಮವನ್ನು ನೋಡುವಾಗಲೂ ನಾನು ಮೊದಲು ಪರೀಕ್ಷಿಸಿದ್ದು ಒಂದೇ ಅಂಶವನ್ನು: ‘ಇದು ನಮಗೆ ಹೇಗೆ ಗೊತ್ತಾಯಿತು’ ಎಂಬುದನ್ನು ಅದು ಮಗುವಿಗೆ ಹೇಳುತ್ತದೆಯೇ? ರಾಜ ಗೆದ್ದ, ರಾಣಿ ಅತ್ತಳು, ನಗರ ಬೆಳೆಯಿತು ಎಂದು ಪುಟಗಟ್ಟಲೆ ಹೇಳಿ, ಹೇಳಿದವರು ಯಾರು, ಎಲ್ಲಿ ಬರೆದಿಟ್ಟಿದ್ದರು ಎಂಬುದರ ಸುಳಿವೇ ಕೊಡದ ಪುಸ್ತಕಗಳು ಬಹಳ. ಮಗು ಅದನ್ನು ಓದಿ ಇತಿಹಾಸವೂ ಕಟ್ಟುಕಥೆಯೂ ಒಂದೇ ಎಂದುಕೊಂಡರೆ ತಪ್ಪು ಮಗುವಿನದಲ್ಲ.

ಈ ಮಾತು ನನ್ನೊಳಗೆ ಗಟ್ಟಿಯಾದದ್ದು ಆತಕೂರಿನ ಕಲ್ಲಿನಿಂದ. ನನ್ನ ಪತಿಯ ಊರಿನಿಂದ ಹೆಚ್ಚು ದೂರವಿಲ್ಲದ ಆತಕೂರಿನಲ್ಲಿ ಸಿಕ್ಕ ಆ ಶಾಸನ ಶಕ 872ರದು, ಅಂದರೆ ಕ್ರಿ.ಶ. 950ರ ಸುಮಾರಿನದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗೂ ಚೋಳರ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಕಾಳಗದಲ್ಲಿ ಗಂಗರ ಬೂತುಗ ರಾಷ್ಟ್ರಕೂಟರ ಪರವಾಗಿ ಹೋರಾಡಿದ. ಬೂತುಗನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ಕಾಳಿ ಮುಂದೆ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಆತಕೂರಿನ ಚಲ್ಲೇಶ್ವರನ ಎದುರು ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ.

ಈ ವಿಷಯವನ್ನು ನಾನು ಊರಿನ ಜಗಲಿಯ ಮೇಲೆ ಕುಳಿತು ಹೇಳಿದೆ. ಮುಗಿಸಿದ ತಕ್ಷಣ ಮಗಳು ಕೇಳಿದ್ದು, “ನಾಯಿಯ ಹೆಸರು ಕಾಳಿ ಅಂತ ಯಾರು ಹೇಳಿದರು?” ಕಲ್ಲೇ ಹೇಳಿತು ಎಂದೆ. ಕಲ್ಲಿನ ಫೋಟೋ ತೋರಿಸಿದಾಗ ನಾಯಿ ಹಂದಿಯ ಮೇಲೆ ಎರಗಿರುವ ಕೆತ್ತನೆಯನ್ನು ಅವಳು ಬೆರಳಿನಿಂದ ಸವರುತ್ತ ಬಹಳ ಹೊತ್ತು ನೋಡಿದಳು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ದೊಡ್ಡವರ ಇತಿಹಾಸಕ್ಕೆ ಅತಿ ಮುಖ್ಯವಾದ ತಕ್ಕೋಲದ ಕಾಳಗವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲಿವೆ. ನಾಯಿಯನ್ನು ಹಿಂಬಾಲಿಸಿ ಹೋದ ಮಗು ರಾಷ್ಟ್ರಕೂಟ, ಗಂಗ, ಚೋಳ ಎಂಬ ಮೂರು ಹೆಸರುಗಳನ್ನು ತಾನಾಗಿಯೇ ನೆನಪಿಟ್ಟುಕೊಂಡಿತು. ನಾನು ಕಂಠಪಾಠ ಮಾಡಿಸಲಿಲ್ಲ.

ಆ ದಿನವೇ ನಮ್ಮ ಅತ್ತೆಯವರು ಅವಳನ್ನು ಪಕ್ಕಕ್ಕೆ ಕರೆದು, “ನಮ್ಮವ್ವ ಹೇಳೋರು ಕಣವ್ವ, ನಾಲೆ ನೀರು ಬರೋಕ್ ಮುಂಚೆ ನಮ್ಮ ಹೊಲ್ದಲ್ಲಿ ಬರೀ ರಾಗಿ, ಹುರುಳಿ. ಭತ್ತ, ಕಬ್ಬು ಎಲ್ಲಾ ಆಮೇಲ್ ಬಂದದ್ದು” ಎಂದರು. ಮಗಳು ಅದನ್ನೂ ಬರೆದುಕೊಂಡಳು. ಅವಳ ಪುಸ್ತಕದಲ್ಲಿ ಪ್ರತಿ ಪುಟದ ಅಂಚಿಗೂ ‘ಯಾರು ಹೇಳಿದರು’ ಎಂಬ ಒಂದು ಸಾಲಿದೆ: ಕಲ್ಲು, ಕಾಗದ, ಕಟ್ಟಡ, ನಾಣ್ಯ, ಅಜ್ಜಿ. ನಾಲೆಯ ಪುಟದಲ್ಲಿ ‘ಅಜ್ಜಿ, ಅವಳಿಗೆ ಅವಳ ಅವ್ವ’ ಎಂದಿದೆ. ಆಮೇಲೆ ಕೃಷ್ಣರಾಜಸಾಗರಕ್ಕೆ ಹೋದಾಗ, 1911ರಲ್ಲಿ ಆರಂಭವಾದ ಆ ಅಣೆಕಟ್ಟೆಯ ಹಿನ್ನೀರಿನಲ್ಲಿ ಕನ್ನಂಬಾಡಿ ಎಂಬ ಊರೇ ಮುಳುಗಿದ್ದನ್ನೂ, ಅಲ್ಲಿದ್ದ ವೇಣುಗೋಪಾಲಸ್ವಾಮಿಯ ಗುಡಿಯನ್ನು ಎಷ್ಟೋ ವರ್ಷಗಳ ನಂತರ ಮೇಲೆ ತಂದು ಮತ್ತೆ ಕಟ್ಟಿದ್ದನ್ನೂ ಹೇಳಿದೆ. ನಮ್ಮ ಗದ್ದೆಗೆ ನೀರು ಬಂದ ಕಥೆಗೆ ಇನ್ನೊಬ್ಬರ ಮನೆ ಮುಳುಗಿದ ಕಥೆಯೂ ಅಂಟಿಕೊಂಡಿದೆ ಎಂಬುದನ್ನು ಚಿಕ್ಕ ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಎಲ್ಲವನ್ನೂ ಏಳು ವರ್ಷಕ್ಕೇ ಹೇಳಬೇಕೆಂದಲ್ಲ. ಮೈಸೂರು, ಮಂಡ್ಯದ ಮಗುವಿಗೆ ಇತಿಹಾಸ ಕಲಿಸುವವರು ಟಿಪ್ಪು ಸುಲ್ತಾನನನ್ನು ದಾಟಿ ಹೋಗಲಾಗದು, ಮತ್ತು ಇಲ್ಲಿ ಪಠ್ಯಕ್ರಮದ ನಿಜವಾದ ಗುಣ ಗೊತ್ತಾಗುತ್ತದೆ. ನಾನು ನೋಡಿದ ಸಾಮಗ್ರಿಯಲ್ಲಿ ಹೆಚ್ಚಿನದು ಅವನನ್ನು ಪೂರ್ತಿ ವೀರನನ್ನಾಗಿಯೋ ಪೂರ್ತಿ ಕ್ರೂರಿಯನ್ನಾಗಿಯೋ ಚಿತ್ರಿಸಿತ್ತು. 1791ರಲ್ಲಿ ಮರಾಠರ ಪಡೆಯ ದಾಳಿಯಿಂದ ಹಾಳಾದ ಶೃಂಗೇರಿ ಮಠಕ್ಕೆ ನೆರವು ನೀಡಿ ಅವನು ಬರೆದ ಕನ್ನಡ ಪತ್ರಗಳಿವೆ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಕುಟುಂಬಗಳು ಅವನ ಕಾಲದಲ್ಲಿ ತಮ್ಮವರು ಸತ್ತರೆಂಬ ನೆನಪಿನಲ್ಲಿ ಇಂದಿಗೂ ನರಕ ಚತುರ್ದಶಿಯನ್ನು ಆಚರಿಸುವುದಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಪುಸ್ತಕವನ್ನು ನಾನು ಮಗಳ ಕೈಗೆ ಕೊಡಲಾರೆ. ಎರಡನ್ನೂ ತೂಗುವ ವಯಸ್ಸು ಅವಳಿಗೆ ಇನ್ನೂ ಬಂದಿಲ್ಲವಾದ್ದರಿಂದ ಮೊದಲ ವರ್ಷ ಸಾಕ್ಷ್ಯದ ಒಂದು ಪಾಠವನ್ನಷ್ಟೇ ಮಾಡಿದೆ. 1784ರ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗದ ದೊಡ್ಡ ಚಿತ್ರವಿದೆ. ಅದರಲ್ಲಿ ಹೈದರ್ ಮತ್ತು ಟಿಪ್ಪು ನಿಶ್ಚಿಂತೆಯಿಂದ ಸಾಗಿ ಬರುತ್ತಿದ್ದರೆ, ಇಂಗ್ಲಿಷರ ದಳಪತಿ ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. “ಇದನ್ನು ಬರೆಸಿದವರು ಯಾರಿರಬಹುದು?” ಎಂದು ಕೇಳಿದೆ. “ಗೆದ್ದವರು” ಎಂದಳು. ಮನೆಗೆ ಬಂದ ಮೇಲೆ 1799ರ ಯುದ್ಧದ ಬಗ್ಗೆ ಇಂಗ್ಲಿಷರು ಬರೆಸಿದ ಚಿತ್ರವೊಂದನ್ನು ತೋರಿಸಿ ಅದೇ ಪ್ರಶ್ನೆ ಕೇಳಿದೆ. ಅವಳು ಉತ್ತರ ಹೇಳಲಿಲ್ಲ, ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತಿದ್ದಳು. ಆ ವರ್ಷಕ್ಕೆ ಅಷ್ಟು ಸಾಕೆನಿಸಿತು.

ನನ್ನಿಂದ ತಪ್ಪುಗಳೂ ಆದವು. ಎರಡನೆಯ ವರ್ಷದ ಆರಂಭದಲ್ಲಿ, ಸ್ಥಳೀಯ ಇತಿಹಾಸ ಚೆನ್ನಾಗಿ ನಡೆದ ಹುಮ್ಮಸ್ಸಿನಲ್ಲಿ, 1399ರ ಯದುರಾಯರಿಂದ ಹಿಡಿದು ಮೈಸೂರಿನ ಎಲ್ಲ ಅರಸರ ಪಟ್ಟಿಯನ್ನು ಬಾಯಿಪಾಠ ಮಾಡಿಸಿದೆ. ಆರು ವಾರ ಬೇಕಾಯಿತು. ದಸರಾ ರಜೆ ಮುಗಿದು ಕೇಳಿದರೆ ನಾಲ್ಕು ಹೆಸರೂ ಉಳಿದಿರಲಿಲ್ಲ. ಅದಕ್ಕಿಂತ ಹೆಚ್ಚು ನೋವಾದದ್ದು, ಆ ಆರು ವಾರಗಳಲ್ಲಿ ಅವಳು ಒಂದೂ ಪ್ರಶ್ನೆ ಕೇಳಿರಲಿಲ್ಲ ಎಂಬುದನ್ನು ಗಮನಿಸಿದಾಗ. ಅನಂತರ ಪಾಠ ಸರಿಯಾಗಿ ಸಾಗುತ್ತಿದೆಯೇ ಎಂದು ತಿಳಿಯಲು ಅವಳ ಉತ್ತರಗಳ ಬದಲು ಪ್ರಶ್ನೆಗಳನ್ನು ಬರೆದಿಡಲು ತೊಡಗಿದೆ. ಪರೀಕ್ಷೆ ಇಡುವುದಿಲ್ಲ, ಕೇಳಿದ್ದನ್ನು ಅವಳ ಮಾತಿನಲ್ಲಿ ತಿರುಗಿ ಹೇಳಿಸಿ, ಹೇಳಿದಂತೆಯೇ ಬರೆದುಕೊಳ್ಳುತ್ತೇನೆ. ಬಿಟ್ಟುಹೋದದ್ದು ಏನೆಂದು ಅದರಲ್ಲೇ ಕಾಣುತ್ತದೆ.

ಈಗ ಅವಳಿಗೆ ಒಂಬತ್ತು. ನಮ್ಮ ಪಠ್ಯಕ್ರಮ ಈಗ ಇರುವ ರೂಪ ಹೀಗಿದೆ: ಮೊದಲ ವರ್ಷ ಮನೆ ಮತ್ತು ಸುತ್ತಲಿನ ಊರು, ಈಗಿನಿಂದ ಹಿಂದಕ್ಕೆ, ಎರಡನೆಯ ವರ್ಷ ಕರ್ನಾಟಕ, ಶಾಸನಗಳನ್ನೂ ಗುಡಿಗಳನ್ನೂ ಹಿಡಿದು, ಮೂರನೆಯ ವರ್ಷದಿಂದ, ಮೊದಲು ಎತ್ತಿಟ್ಟಿದ್ದ ನಾಲ್ಕು ವರ್ಷದ ವಿದೇಶಿ ಚಕ್ರವನ್ನೇ ಮತ್ತೆ ತೆಗೆದು, ಅದರ ಪ್ರತಿ ಪಾಠದ ಪಕ್ಕದಲ್ಲಿ ಅದೇ ಕಾಲದ ಭಾರತವನ್ನು ನಾನು ಸೇರಿಸುವುದು. ಈಗ ಆ ಪುಸ್ತಕ ಅವಳಿಗೆ ಹೊಂದುತ್ತಿದೆ, ಏಕೆಂದರೆ ಹುರಿಯ ಮೇಲೆ ಪ್ರತಿ ಪಾಠಕ್ಕೂ ಒಂದು ಜಾಗವಿದೆ. ಉಚಿತವಾಗಿ ಸಿಗುವ ಎನ್‌ಸಿಇಆರ್‌ಟಿ ಮತ್ತು ರಾಜ್ಯದ ಆರನೆಯ ತರಗತಿಯ ಪುಸ್ತಕಗಳನ್ನು ಅವಳಿಗೆ ಓದಿಸುವುದಿಲ್ಲ. ಏನೂ ಬಿಟ್ಟುಹೋಗದಂತೆ ನಾನು ನೋಡಿಕೊಳ್ಳಲು ಅವು ಬೇಕು. ಲೋಕದ ಇತಿಹಾಸಕ್ಕೆ ಈ ವಯಸ್ಸಿನವರು ತಾವೇ ಓದುವಂಥ ಕನ್ನಡ ಪುಸ್ತಕಗಳು ನನಗೆ ಸಾಕಷ್ಟು ಸಿಗಲಿಲ್ಲವಾದ್ದರಿಂದ ರಾತ್ರಿ ಇಂಗ್ಲಿಷಿನಲ್ಲಿ ಓದಿಕೊಂಡು ಬೆಳಿಗ್ಗೆ ಕನ್ನಡದಲ್ಲಿ ಹೇಳುತ್ತೇನೆ. ವಾರಕ್ಕೆ ಎರಡು ಪಾಠ, ತಿಂಗಳಿಗೊಂದು ಪ್ರವಾಸ, ಇದಕ್ಕಿಂತ ಹೆಚ್ಚು ಮಾಡಲು ಹೋಗುವುದಿಲ್ಲ.

ಪ್ರವಾಸಗಳಲ್ಲಿ ಅವಳಿಗೆ ಅತಿ ಪ್ರಿಯವಾದದ್ದು ಸೋಮನಾಥಪುರ. ಅಲ್ಲಿಯ ಗೋಡೆಯ ವಿಗ್ರಹಗಳ ಪೀಠದ ಮೇಲೆ ಕೆಲವೆಡೆ ಶಿಲ್ಪಿಗಳ ಹೆಸರುಗಳಿವೆ, ಮಲ್ಲಿತಮ್ಮನದು ಹಲವು ಕಡೆ. ಎರಡು ಗಂಟೆ ಬಿಸಿಲಿನಲ್ಲಿ ಬಗ್ಗಿ ಬಗ್ಗಿ ಹುಡುಕಿ, ಹಳಗನ್ನಡ ಲಿಪಿಯ ‘ಮ’ಕಾರವನ್ನು ತಾನೇ ಗುರುತಿಸಿದ ದಿನದಿಂದ ಅವಳು ‘ಹೆಸರು ಹಾಕಿದವರು’ ಎಂಬ ಒಂದು ಪುಟವನ್ನು ತೆರೆದಿದ್ದಾಳೆ. ಚಳಿಗಾಲದಲ್ಲಿ ಮೊಳಕಾಲ್ಮೂರಿನ ಬ್ರಹ್ಮಗಿರಿಗೆ ಹೋಗುವವರಿದ್ದೇವೆ. ಅಲ್ಲಿಯ ಅಶೋಕನ ಶಾಸನವನ್ನು ಬರೆದ ಲಿಪಿಕಾರ ಚಪಡ, ಬ್ರಾಹ್ಮಿಯಲ್ಲಿ ಎಲ್ಲವನ್ನೂ ಬರೆದು ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ ಎಂದು ಹೇಳಿದ್ದೇನೆ. ಮಲ್ಲಿತಮ್ಮನ ಕೆಳಗೆ ಪೆನ್ಸಿಲಿನಲ್ಲಿ ‘ಚಪಡ’ ಎಂದು ಬರೆದಿಟ್ಟಿದ್ದಾಳೆ. ‘ಯಾರು ಹೇಳಿದರು’ ಎಂಬ ಸಾಲಿನಲ್ಲಿ ಸದ್ಯಕ್ಕೆ ‘ಅಮ್ಮ’ ಎಂದಿದೆ, ಬಂಡೆಯನ್ನು ನೋಡಿ ಬಂದ ಮೇಲೆ ಅದನ್ನು ಅಳಿಸಿ ‘ಕಲ್ಲು’ ಎಂದು ಇಂಕಿನಲ್ಲಿ ಬರೆಯುತ್ತಾಳಂತೆ.