ಪ್ಲೇ-ಡೋ ಹಿಟ್ಟು ಮನೆಯಲ್ಲೇ ಮಾಡುವ ಬಗೆ, ಅದರ ಹಿಂದಿನ ಕತೆಯೊಂದಿಗೆ

ಮಕ್ಕಳು ಕೈಯಲ್ಲಿ ಒತ್ತಿ, ಆಕಾರ ಮಾಡಿ ಆಡುವ ಮೆತ್ತನೆಯ ಹಿಟ್ಟು ಪ್ಲೇ-ಡೋ. ಅದು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ, ಗೋಡೆ ಒರೆಸಲು. 1930ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯ ಕುಟಾಲ್ ಕಂಪನಿ ಅದನ್ನು ವಾಲ್‌ಪೇಪರ್ ಕ್ಲೀನರ್ ಆಗಿ ಮಾರುತ್ತಿತ್ತು. ಮನೆಗಳಲ್ಲಿ ಕಲ್ಲಿದ್ದಲು ಉರಿಸುತ್ತಿದ್ದ ಕಾಲ. ಗೋಡೆಯ ಕಾಗದಕ್ಕೆ ಮಸಿ ಹಿಡಿಯುತ್ತಿತ್ತು, ನೀರು ಹಾಕಿ ತೊಳೆಯುವಂತಿರಲಿಲ್ಲ. ಹಿಟ್ಟಿನ ಮುದ್ದೆಯನ್ನು ಮೇಲೆ ಉರುಳಿಸಿದರೆ ಮಸಿ ಕಿತ್ತು ಬರುತ್ತಿತ್ತು, ಹಿಟ್ಟು ಮಾತ್ರ ಕಾಗದಕ್ಕೆ ಮೆತ್ತಿಕೊಳ್ಳುತ್ತಿರಲಿಲ್ಲ. ನೀವು ಮಾಡುವ ಹಿಟ್ಟಿಗೂ ಇದೇ ಪರೀಕ್ಷೆ: ಒತ್ತಿದರೆ ಅಚ್ಚು ನಿಲ್ಲಬೇಕು, ಕೈಗೆ ಅಂಟಬಾರದು.

ಎರಡನೇ ಮಹಾಯುದ್ಧದ ನಂತರ ಗ್ಯಾಸ್ ಬಂತು, ತೊಳೆಯಬಹುದಾದ ವಿನೈಲ್ ವಾಲ್‌ಪೇಪರ್ ಬಂತು, ಕ್ಲೀನರ್ ಕೇಳುವವರಿಲ್ಲವಾಯಿತು. ಕಂಪನಿಯ ಜೋ ಮೆಕ್‌ವಿಕರ್ ಅವರ ಸಂಬಂಧಿ, ಶಿಶುವಿಹಾರದ ಶಿಕ್ಷಕಿ ಕೇ ಜುಫಾಲ್, ಅದೇ ಹಿಟ್ಟನ್ನು ಮಕ್ಕಳ ಕೈಗೆ ಕೊಟ್ಟು ನೋಡಿದರು. 1956ರಲ್ಲಿ ಅದು ಪ್ಲೇ-ಡೋ ಆಗಿ ಮಾರುಕಟ್ಟೆಗೆ ಬಂತು, ಮಾಸಲು ಬಿಳಿ ಬಣ್ಣದಲ್ಲಿ ಮಾತ್ರ. ಕೆಂಪು, ಹಳದಿ, ನೀಲಿ ಬಂದದ್ದು ಮರುವರ್ಷ.

ಬೇಕಾಗುವುದು: ಮೈದಾ 1 ಕಪ್ (240 ಮಿ.ಲೀ. ಅಳತೆ, ಸುಮಾರು 125 ಗ್ರಾಂ), ಪುಡಿ ಉಪ್ಪು ಅರ್ಧ ಕಪ್, ನೀರು 1 ಕಪ್, ಅಡುಗೆ ಎಣ್ಣೆ 1 ದೊಡ್ಡ ಚಮಚ, ಕ್ರೀಮ್ ಆಫ್ ಟಾರ್ಟರ್ (ಬೇಕಿಂಗ್‌ಗೆ ಬಳಸುವ ಹುಳಿ ಪುಡಿ) 2 ಚಿಕ್ಕ ಚಮಚ, ತಿನ್ನುವ ಬಣ್ಣ ಕೆಲವು ಹನಿ. ಕ್ರೀಮ್ ಆಫ್ ಟಾರ್ಟರ್ ಸಿಗದಿದ್ದರೆ 2 ದೊಡ್ಡ ಚಮಚ ನಿಂಬೆರಸ ಹಾಕಿ, ಅಷ್ಟೇ ನೀರು ಕಡಿಮೆ ಮಾಡಿ. ಕಲ್ಲುಪ್ಪು ಬೇಡ. ಒಂದು ಕಪ್ ತಣ್ಣೀರಿನಲ್ಲಿ ಕರಗುವುದು ಸುಮಾರು 85 ಗ್ರಾಂ ಉಪ್ಪು ಮಾತ್ರ; ಉಳಿದದ್ದು ಹರಳಾಗಿಯೇ ಇರುತ್ತದೆ, ದಪ್ಪ ಹರಳಾದರೆ ಕೈಗೆ ಚುಚ್ಚುತ್ತದೆ.

ಒಲೆ ಹಚ್ಚುವ ಮೊದಲೇ ದಪ್ಪ ತಳದ ಬಾಣಲೆಯಲ್ಲಿ ಎಲ್ಲವನ್ನೂ ಗಂಟಿಲ್ಲದಂತೆ ಕದಡಿ. ಸಣ್ಣ ಉರಿಯಲ್ಲಿಟ್ಟು ರಾಗಿ ಮುದ್ದೆ ತಿರುವಿದಂತೆ ಕೈ ಬಿಡದೆ ತಿರುವಿ. ಮೂರರಿಂದ ಐದು ನಿಮಿಷದಲ್ಲಿ ಹಿಟ್ಟು ಅಂಚು ಬಿಟ್ಟು ಒಂದೇ ಉಂಡೆಯಾಗುತ್ತದೆ, ಹಸಿ ಹೊಳಪು ಹೋಗುತ್ತದೆ. ಇಳಿಸಿ, ಕೈಗೆ ತಾಳುವಷ್ಟು ಆರಿದ ಮೇಲೆ ಐದು ನಿಮಿಷ ಚೆನ್ನಾಗಿ ನಾದಿ. ಈ ನಾದುವುದನ್ನು ಬಿಟ್ಟರೆ ಹಿಟ್ಟು ಬಿರುಕು ಬಿಡುತ್ತದೆ.

ಅಂಟುತ್ತಿದ್ದರೆ ಬೇಯುವುದು ಸಾಲದು ಎಂದರ್ಥ. ಮೈದಾ ಉದುರಿಸಬೇಡಿ, ಹಸಿ ಹಿಟ್ಟು ಮತ್ತೆ ಅಂಟಾಗುತ್ತದೆ. ಇನ್ನೊಂದು ನಿಮಿಷ ಒಲೆಯ ಮೇಲಿಡಿ. ಉದುರುದುರಾದರೆ ಹೆಚ್ಚು ಬೆಂದಿದೆ, ಕೈ ಒದ್ದೆ ಮಾಡಿಕೊಂಡು ನಾದಿ. ಮರುದಿನ ಬಿರುಸಾಗುವುದಕ್ಕೆ ಒಣಗಿದ್ದೊಂದೇ ಕಾರಣವಲ್ಲ. ಬೆಂದ ಪಿಷ್ಟ ಆರುತ್ತಾ ತನ್ನ ಎಳೆಗಳನ್ನು ಮತ್ತೆ ಬಿಗಿದುಕೊಂಡು ನೀರನ್ನು ಹೊರಗೆ ತಳ್ಳುತ್ತದೆ. ತಂಪಿನಲ್ಲಿ ಇದು ಇನ್ನೂ ಬೇಗ, ಹಾಗಾಗಿ ಫ್ರಿಜ್‌ಗಿಂತ ಗಾಳಿಯಾಡದ ಡಬ್ಬಿಯೇ ವಾಸಿ. ಕಾರ್ಖಾನೆಯಲ್ಲೂ ಇದೇ ತಲೆನೋವು ಇತ್ತು: ಮೊದಲ ಪ್ಲೇ-ಡೋ ಒಣಗುತ್ತಿತ್ತು, ಬಣ್ಣವೂ ಮಾಸುತ್ತಿತ್ತು. ರಸಾಯನ ತಜ್ಞ ಟಿಯೆನ್ ಲಿಯು ಉಪ್ಪನ್ನು ಕಡಿಮೆ ಮಾಡಿ ಅದನ್ನು ಸರಿಪಡಿಸಿದರು. ಮನೆಯಲ್ಲಿ ಮಾತ್ರ ಉಪ್ಪು ತೀರಾ ಇಳಿಸಬೇಡಿ, ಬೂಸ್ಟು ತಡೆಯುವುದು ಅದೇ. ಕರಾವಳಿಯ ಮಳೆಗಾಲದಲ್ಲಿ ಅದೇ ಉಪ್ಪು ಗಾಳಿಯ ತೇವ ಎಳೆದು ಹಿಟ್ಟು ಬೆವರುತ್ತದೆ. ಬಾಣಲೆಯಲ್ಲಿ ಒಂದು ನಿಮಿಷ ಬಿಸಿ ಮಾಡಿದರೆ ಸರಿಹೋಗುತ್ತದೆ. ಹುಳಿ ವಾಸನೆ ಬಂದರೆ ಎಸೆಯಿರಿ.

1960ರಲ್ಲಿ ಬಂದ ಫನ್ ಫ್ಯಾಕ್ಟರಿ ಎಂಬ ಒತ್ತುವ ಯಂತ್ರದ ಕೆಲಸವನ್ನು ಚಕ್ಕುಲಿ ಒರಳು ಚೆನ್ನಾಗಿಯೇ ಮಾಡುತ್ತದೆ. ಆದರೆ ಅಡುಗೆಯದನ್ನು ಕೊಡಬೇಡಿ. ಹಳೆಯದೊಂದನ್ನು ಆಟಕ್ಕೇ ಮೀಸಲಿಟ್ಟು ಕೂಡಲೇ ತೊಳೆಯಿರಿ. ಉಪ್ಪು ಹಿತ್ತಾಳೆ, ಅಲ್ಯೂಮಿನಿಯಂ ಎರಡನ್ನೂ ತಿನ್ನುತ್ತದೆ.

ಗೋಧಿ ಅಲರ್ಜಿ ಇರುವ ಮಗುವಿಗೆ ಇದೂ ಬೇಡ, ಅಂಗಡಿಯ ಪ್ಲೇ-ಡೋ ಕೂಡ ಬೇಡ, ಅದರಲ್ಲೂ ಗೋಧಿ ಇದೆ. ಮನೆಯಲ್ಲಿ ನಾಯಿ ಇದ್ದರೆ ಡಬ್ಬಿ ಎತ್ತರದಲ್ಲಿಡಿ: ಇಷ್ಟು ಉಪ್ಪು ಹೊಟ್ಟೆಗೆ ಹೋದರೆ ಅದರ ಜೀವಕ್ಕೇ ಅಪಾಯ.